ಎಲೆಯ ಬೆನ್ನಿನ ಕಂದು ಚುಕ್ಕೆಗಳು

ಮಲ್ಲೇಶ್ವರದ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಸೇರುವವರು ಕಡಿಮೆಯಾಗಿ ವಿಭಾಗ ಮುಚ್ಚಿತು, ಗಾಜಿನಮನೆಯನ್ನೂ ಕೆಡವಿದರು. ಅಲ್ಲಿಂದ ಒಂದೇ ಒಂದು ಗಿಡವನ್ನು ನಾನು ಕೇಳಿ ಪಡೆದುಕೊಂಡೆ. ಅದು ಮರಜರಿ, ಘಟ್ಟದ ನೆತ್ತಿಯ ಮಂಜುಕಾಡಿನ ಜರೀಗಿಡ. ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಮರದ ಹಾಗೆ ಕಾಂಡವೆತ್ತಿ ನಿಲ್ಲುತ್ತದೆ, ಆದರೆ ಕೊಂಬೆಯಿಲ್ಲ. ಇರುವುದೆಲ್ಲ ನೆತ್ತಿಯ ಒಂದು ಚಿಗುರುಮೊಗ್ಗು, ಎಲೆಯೆಲ್ಲ ಅಲ್ಲಿಂದಲೇ.

"ಬೆಂಗ್ಳೂರ್ ಬಿಸ್ಲಿಗೆ ಮೂರ್ ತಿಂಗ್ಳೂ ಬದ್ಕಲ್ಲ ಬಿಡಿ ಮೇಡಂ," ಎಂದರು ಸಹೋದ್ಯೋಗಿಯೊಬ್ಬರು.

ಚಾಮರಾಜಪೇಟೆಯ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ಬಿಸಿಲು ಬೀಳದ ಓಣಿಯಲ್ಲಿ ಅದನ್ನಿಟ್ಟೆ. ಮಳೆನೀರು ಹಿಡಿದಿಟ್ಟು ದಿನಕ್ಕೆರಡು ಸಲ ಕಾಂಡಕ್ಕೆ ಚಿಮುಕಿಸಿದೆ. ಏಳು ವರ್ಷದಲ್ಲಿ ನನ್ನ ಎದೆಯೆತ್ತರ ಬೆಳೆಯಿತು.

ಒಂದು ಬೆಳಿಗ್ಗೆ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದರು.

"ಮೇಡಂ, ನಿಮ್ ಗಿಡಕ್ಕೆ ರೋಗ ಹತ್ತಿದೆ. ಎಲೆ ಹಿಂದೆಲ್ಲ ಹುಳದ್ ಮೊಟ್ಟೆ. ಎಲ್ರ ಗುಲಾಬಿಗೂ ಅಂಟುತ್ತೆ, ಭಾನುವಾರದೊಳ್ಗೆ ತೆಗೆಸ್ಬಿಡಿ."

ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಎಲೆ ಮಗುಚಿ, ಕೈಗೆ ಭೂತಕನ್ನಡಿ ಕೊಟ್ಟೆ. "ಇದು ಮೊಟ್ಟೆ ಅಲ್ಲ ಸಾರ್. ಈ ಚುಕ್ಕೆಗಳಲ್ಲಿ ಬೀಜಾಣು ಇರತ್ತೆ, ಬೀಜದ ಬದ್ಲು ಇದ್ರಿಂದ್ಲೇ ಹೊಸ ಗಿಡ ಹುಟ್ಟೋದು. ಗಿಡ ಬಸುರಿಯಾಗಿದೆ ಅಂದ್ಕೊಳ್ಳಿ."

ಅವರು ಬಗ್ಗಿ ನೋಡಲೇ ಇಲ್ಲ. "ಏನೇ ಇರ್ಲಿ, ಕಾಮನ್ ಜಾಗ."

"ಹಾಗಾದ್ರೆ ನಿಮ್ಮ ಗುಲಾಬಿ ಕುಂಡಾನೂ ಕಾಮನ್ ಜಾಗದಲ್ಲೇ ಇದ್ಯಲ್ಲ?"

ಅವರ ಮುಖ ಕೆಂಪಾಯಿತು. ನಾನು ತೆಗೆಯಲಿಲ್ಲ. ಭಾನುವಾರ ಕಳೆಯಿತು.

ಬುಧವಾರ ಹಳೆಯ ಪುಸ್ತಕ ಹುಡುಕಲು ಅವೆನ್ಯೂ ರಸ್ತೆಗೆ ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಮರಜರಿಯನ್ನು ಮೊಣಕಾಲೆತ್ತರಕ್ಕೆ ಕಡಿದುಹಾಕಿದ್ದರು. ಬೇರೆ ಮರವಾಗಿದ್ದರೆ ಪಕ್ಕದಿಂದ ಚಿಗುರುತ್ತಿತ್ತು. ಇದಕ್ಕಿದ್ದ ಒಂದೇ ಮೊಗ್ಗು ನೆತ್ತಿಯ ಜೊತೆ ಹೋಗಿತ್ತು. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಸದ ಗುಡ್ಡೆಯ ಮುಂದೆ ಕೂತು ಅತ್ತೆ, ಅಳುತ್ತಲೇ ಎಲೆಗಳನ್ನು ಆರಿಸಿಕೊಂಡೆ.

ಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ ಎಲೆಗಳನ್ನು ಬೆನ್ನು ಕೆಳಗಾಗಿ ಹರಡಿದೆ. ಒಣಗುತ್ತ ಚುಕ್ಕೆಗಳೊಡೆದು, ಕಾಫಿಪುಡಿಗಿಂತ ನುಣ್ಣಗಿನ ಕಂದು ಧೂಳು ಉದುರಿತು. ಇಟ್ಟಿಗೆ ಚೂರುಗಳನ್ನು ಕುದಿಸಿ ಆರಿಸಿ, ಉಪ್ಪಿನಕಾಯಿಯ ಗಾಜಿನ ಜಾಡಿಗಳಲ್ಲಿಟ್ಟು, ಮೇಲೆ ಆ ಧೂಳು ಉದುರಿಸಿ ಮುಚ್ಚಿದೆ. ಎರಡು ತಿಂಗಳು ಏನೂ ಇಲ್ಲ. ಆಮೇಲೆ ಹಸಿರು ಪೊರೆ ಕಟ್ಟಿತು. ಪೊರೆಯಿಂದ ಕಿರುಬೆರಳಿನ ಉಗುರಿಗಿಂತ ಚಿಕ್ಕ, ಹೃದಯದಾಕಾರದ ಹಾಳೆಗಳು ಎದ್ದವು. ಅವುಗಳ ಮೇಲೆ ನೀರಿನ ತೆಳುಪದರ ಇರಬೇಕು. ಹೊಸ ಗಿಡ ಹುಟ್ಟಬೇಕಾದರೆ ಆ ನೀರಿನಲ್ಲಿ ಗಂಡು ಕಣ ಹೆಣ್ಣು ಕಣದ ಬಳಿಗೆ ಈಜಿಕೊಂಡೇ ಹೋಗಬೇಕು, ಬೇರೆ ದಾರಿಯಿಲ್ಲ. ಬೇಸಿಗೆಯಿಡೀ ಬೆಳಿಗ್ಗೆ ಸಂಜೆ ನೀರು ಸಿಂಪಡಿಸಿದೆ. ಊರಿನ ಮದುವೆಗೂ ಹೋಗಲಿಲ್ಲ. ಅಕ್ಕ ಮುನಿಸಿಕೊಂಡಳು, "ಹುಚ್ಚಿ ಕಣೇ ನೀನು," ಎಂದಳು. ಇರಲಿ.

ವರ್ಷ ತುಂಬುವ ಹೊತ್ತಿಗೆ ಮುದುರಿದ ಎಳೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಹದಿನೇಳು ಸಸಿ. ಹಿಂದಿನ ಓಣಿಯಲ್ಲಿ ಇಡಲಿಲ್ಲ. ಎಲ್ಲರೂ ಓಡಾಡುವ ನೆರಳಿನ ಮೆಟ್ಟಿಲುಗಳ ಪಕ್ಕ ಸಾಲಾಗಿಟ್ಟೆ. ಮೇಲಿನ ಮನೆಯ ಅಜ್ಜಿ ಎರಡು ಕೇಳಿ ಪಡೆದರು.

ಕಾರ್ಯದರ್ಶಿ ಮತ್ತೆ ಬಂದರು. "ಮೇಡಂ, ಇದೇನಿದು? ತೆಗೀಬೇಕಾಗತ್ತೆ."

"ತೆಗೆಯಲ್ಲ. ಯಾಕೆ ತೆಗೀಬೇಕು ಅಂತ ಬರೆದು ಸಹಿ ಹಾಕ್ಕೊಡಿ. ಹೋದ ಸಲ ಕಡಿಸಿದ್ದು ಯಾರು ಅನ್ನೋದನ್ನೂ ಅದ್ರಲ್ಲೇ ಬರೀರಿ."

ಅವರು ಮೆಟ್ಟಿಲಿಳಿದು ಹೋದರು. ಪತ್ರ ಇವತ್ತಿನವರೆಗೂ ಬಂದಿಲ್ಲ.