ಹಸನ್‌ಸಾಬರ ಒದ್ದೆ ಅರಿವೆ

ಕರೆಂಟಿನ ಕೆಲಸದವರು ನೀರನ್ನು ದೂರ ಇಡುತ್ತಾರೆ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಹಸನ್‌ಸಾಬರ ಮೇಜಿನ ಮೇಲೆ ಮಾತ್ರ ಸದಾ ಒಂದು ಬಟ್ಟಲು ನೀರು, ಅದರಲ್ಲೊಂದು ಅರಿವೆಯ ಚೂರು ಇರುತ್ತಿತ್ತು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. ಸುತ್ತಿದ ಮೇಲೆ ಶೇಂಗಾ ಬೀಜಕ್ಕಿಂತ ಚಿಕ್ಕದಾದ ಫ್ಯೂಜೊಂದನ್ನು ಸುರುಳಿಗೆ ಒತ್ತಿ ಕಟ್ಟುತ್ತಿದ್ದರು. ಅದರ ತಂತಿಕಾಲಿಗೆ ಬೆಸುಗೆ ಹಾಕುವಾಗ ಒದ್ದೆ ಅರಿವೆ ಸುತ್ತಿದ ಇಕ್ಕಳದಿಂದ ಕಾಲನ್ನು ಹಿಡಿದುಕೊಳ್ಳುತ್ತಿದ್ದರು.

"ಇದರೊಳಗ ಮೇಣದಂಥಾ ಗುಳಿಗಿ ಐತ್ರಿ. ಮೋಟಾರು ಮಿತಿಮೀರಿ ಕಾದ್ರ ಅದು ಕರಗತೈತಿ, ಸ್ಪ್ರಿಂಗ್ ಸರೀತೈತಿ, ಕರೆಂಟ್ ಬಂದ್. ನನ್ನ ಬೆಸುಗಿ ಬಿಸಿಗೇ ಕರಗಿಬಿಟ್ರ?" ಎನ್ನುತ್ತಿದ್ದರು ಕೇಳಿದವರಿಗೆ.

ಮನೆಗೊಂದೇ ಮೊಬೈಲ್ ಇದ್ದ ಕಾಲ. ನನ್ನ ಮಗಳಿಗೆ ಮೂರು ತಿಂಗಳು, ಮೈತುಂಬ ಬೆವರುಸಾಲೆ. ಅಂಥ ಬೇಸಿಗೆಯಲ್ಲಿ ನಮ್ಮ ಟೇಬಲ್ ಫ್ಯಾನು ನಿಂತಿತು. ಹಸನ್‌ಸಾಬರು ಬಿಚ್ಚಿ ನೋಡಿ, ಸುರುಳಿ ಚೆನ್ನಾಗಿದೆ, ಫ್ಯೂಜಷ್ಟೇ ಹೋಗಿದೆ ಎಂದರು. ನನ್ನ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ತಾವೇ ಹಾಕುವುದಾಗಿ ಜಂಬದಿಂದ ಆ ಅಂಗಡಿಯಲ್ಲಿದ್ದ ಕೊನೆಯ ಫ್ಯೂಜನ್ನು ಮನೆಗೆ ತಂದರು. ಒದ್ದೆ ಅರಿವೆಯ ಗೊಡವೆಗೆ ಹೋಗಲಿಲ್ಲ. ಬೆಸುಗೆ ಹಾಕಿದರು, ಗುಂಡಿ ಒತ್ತಿದರು. ಫ್ಯಾನು ಅಲುಗಲಿಲ್ಲ. ಫ್ಯಾನನ್ನೂ ಕೂಸನ್ನೂ ಎತ್ತಿಕೊಂಡು ಮತ್ತೆ ಅಂಗಡಿಗೆ ಹೋದೆವು.

"ಹಚ್ಚೂ ಮುಂಚೇನ ಕೊಂದ್ರಲ್ರೀ ಮಾಸ್ತರ!" ಎಂದು ಹಸನ್‌ಸಾಬರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಕೋಪವಿದ್ದರೂ. ಹೊಸ ಫ್ಯೂಜು ಹುಬ್ಬಳ್ಳಿಯಿಂದ ಬರಲು ನಾಲ್ಕು ದಿನ ಬೇಕಿತ್ತು.

"ಅಲ್ಲೀಮಟ ಫ್ಯೂಜ್ ಬಿಟ್ಟು ಬರೇ ತಂತೀನ ಜೋಡ್ಸಿ ಕೊಡ್ರಿ. ಎಲ್ಲಾರೂ ಹಂಗ ಮಾಡ್ತಾರ" ಎಂದರು ಯಜಮಾನರು.

"ಕೂಸು ಎಲ್ಲಿ ಮಲಗತೈತ್ರಿ?"

"ಫ್ಯಾನಿನ ಮುಂದ."

ಹಸನ್‌ಸಾಬರು ತಮ್ಮ ಅಂಗಡಿಯಲ್ಲಿ ತಿರುಗುತ್ತಿದ್ದ ಅದೇ ಮಾದರಿಯ ಫ್ಯಾನನ್ನು ನಿಲ್ಲಿಸಿ, ಬಿಚ್ಚಿ, ಅದರ ಫ್ಯೂಜನ್ನು ನಮ್ಮದಕ್ಕೆ ಹಾಕಿಕೊಟ್ಟರು. ನಾಲ್ಕು ದಿನ ಆ ತಗಡಿನ ಅಂಗಡಿಯಲ್ಲಿ ರಟ್ಟು ಬೀಸಿಕೊಳ್ಳುತ್ತ ಕೆಲಸ ಮಾಡಿದರು. ನನಗೆ ನಾಚಿಕೆಯಾಗಿ ದಿನಾ ಮಜ್ಜಿಗೆ ಕಳಿಸಿದೆ. ಉಪ್ಪು ಕಡಿಮೆ ಎಂದು ಹೇಳಿ ಕಳಿಸುತ್ತಿದ್ದರು, ಪುಣ್ಯಾತ್ಮರು.

ಮರುವರ್ಷ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮಗಳನ್ನು ಫ್ಯಾನಿನ ಮುಂದೆ ಮಲಗಿಸಿ ಅಡುಗೆಮನೆಯಲ್ಲಿದ್ದೆ. ವೋಲ್ಟೇಜ್ ಇಳಿದು ಫ್ಯಾನು ತಿರುಗದೆ ನಿಂತು, ಗುಂಡಿ ಹಾಕಿದ್ದಂತೆಯೇ ಬಿಸಿಯಾಗುತ್ತ ಹೋಗಿದೆ. ನನಗೆ ಗೊತ್ತೇ ಆಗಿಲ್ಲ. ವೋಲ್ಟೇಜ್ ಸರಿಯಾಗಿ ದೀಪ ಬೆಳಗಿದರೂ ಫ್ಯಾನಿನ ಸದ್ದಿಲ್ಲವೆಂದು ಹೋಗಿ ನೋಡಿದರೆ ಮೋಟಾರು ಮುಟ್ಟಲಾಗದಷ್ಟು ಬಿಸಿ. ಮಗಳ ಹೊದಿಕೆ ಅದಕ್ಕೆ ಒರಗಿತ್ತು. ಫ್ಯೂಜು ಹೋಗಿತ್ತು; ಬೇರೇನೂ ಆಗಿರಲಿಲ್ಲ.

ಮಗಳನ್ನು ಯಜಮಾನರ ಕೈಗೆ ಕೊಟ್ಟು, ಫ್ಯಾನಿನೊಂದಿಗೆ ಅಂಗಡಿಗೆ ಓಡಿದೆ. ಹಸನ್‌ಸಾಬರು ಕುಪ್ಪೇಲೂರಿನಲ್ಲಿದ್ದ ತಮ್ಮ ಮಗಳ ಮನೆಗೆ ಹೋಗಿ ನೆಲೆಸಲು ಸಾಮಾನು ಕಟ್ಟುತ್ತಿದ್ದರು. ಅದೇ ನಮ್ಮ ಕೊನೆಯ ಭೇಟಿ. ಅಳುತ್ತಲೇ ಎಲ್ಲ ಹೇಳಿದೆ. ಅವರು ಸತ್ತ ಫ್ಯೂಜನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಕೇಳಿದರು:

"ಕೂಸು ಎದ್ದಿತ್ತೇನವಾ?"

"ಇಲ್ರಿ, ನಿದ್ದೀನ ಮಾಡ್ತಿತ್ತು."

"ಹಂಗಾದ್ರ ಕೆಲಸ ಚಲೋ ಆಗೇತಿ."