ಹೆಸರಿಲ್ಲದವರು ಕರೆದ ಊಟ

ಹೆಸರು ಬರೆಯದೆ ಉತ್ತರಿಸಿ ಎಂದು ನನ್ನ ತಂಡಕ್ಕೆ ಕಳಿಸಿದ್ದ ಸಮೀಕ್ಷೆಯನ್ನು ಓದುತ್ತಿದ್ದವಳು ಒಂದು ಉತ್ತರದ ಮುಂದೆ ನಿಂತುಬಿಟ್ಟೆ. ಉತ್ಸಾಹ ಕುಗ್ಗಲು ಕಾರಣವೇನೆಂಬ ಪ್ರಶ್ನೆಗೆ ಯಾರೋ ಹಿಂದಿಯಲ್ಲಿ ಬರೆದಿದ್ದರು: ‘ಪ್ರಾಜೆಕ್ಟ್ ತಡವಾದಾಗಿನಿಂದ ಸುಧಾಬೆನ್ ಒಬ್ಬರೇ ಕಂಪ್ಯೂಟರ್ ಮುಂದೆ ಊಟ ಮಾಡುತ್ತಾರೆ. ನಮ್ಮ ಮೇಲೆ ಸಿಟ್ಟಿರಬೇಕು.’

ಸುಧಾಬೆನ್, ಅಂದರೆ ‘ಸುಧಾ ಅಕ್ಕ’, ನಾನೇ. ಸಿಟ್ಟೆಲ್ಲಿ ಬಂತು! ಗಡುವಿನ ಭಯಕ್ಕೆ ಊಟದ ಹೊತ್ತನ್ನೂ ಕೆಲಸಕ್ಕೆ ಸೇರಿಸಿಕೊಂಡಿದ್ದೆ, ಅಷ್ಟೆ. ಗುಜರಾತಿನ ವಡೋದರದ ನಮ್ಮ ಆಫೀಸಿನಲ್ಲಿ ಎಲ್ಲರ ಡಬ್ಬಿಯೂ ಎಲ್ಲರಿಗೂ ಸೇರಿದ್ದು. ಅಂದು ಚಿತ್ರಾನ್ನದ ಡಬ್ಬಿ ಹಿಡಿದು ಊಟದ ಮೇಜಿಗೆ ಹೋದೆ. ಸಹೋದ್ಯೋಗಿ ಜಿಗ್ನೇಶ್‌ಭಾಯಿ ಮಜ್ಜಿಗೆ ಲೋಟವನ್ನು ನನ್ನತ್ತ ಸರಿಸಿ, “ಆವೋ ಬೆನ್, ಬನ್ನಿ, ನಿಮ್ಮ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಟ್ಟಿಲ್ಲ” ಎಂದರು.

ಬರೆದವರು ಯಾರೆಂದು ನಾನು ಹುಡುಕಲಿಲ್ಲ. ತಂಡದ ಮನಸ್ಸು ತಿಳಿಯಬೇಕೆನಿಸಿದರೆ ಈಗ ಮೊದಲು ಡಬ್ಬಿ ಬಿಚ್ಚುತ್ತೇನೆ.