ಲೂಕ್ ಬಿಡಿಸಿದ ಹೊಂಗೆಮರ

ದೆವ್ವ, ಪವಾಡ ಎಂದರೆ ಮೂಗು ಮುರಿಯುವವಳು ನಾನು. ಭಾರತೀನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು ಇನ್ನೇನು ಮಾಡಿಯಾಳು? ಆದರೂ ಆ ಫ್ರೆಂಚ್ ಚಿತ್ರಕಾರರ ವಿಷಯದಲ್ಲಿ ಮಾತ್ರ ನನ್ನ ಭೌತಶಾಸ್ತ್ರ ಕೆಲಸಕ್ಕೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಲೂಕ್ ಎಂಬ ಆ ವಯಸ್ಸಾದ ಚಿತ್ರಕಾರರು ಶಿವನಸಮುದ್ರದ ಜಲಪಾತ ಬಿಡಿಸಲು ಬಂದರು. ಅಲ್ಲಿಯ ಜನಜಂಗುಳಿಗೆ ಬೇಸತ್ತು ಬೆಳಕವಾಡಿಯ ನಮ್ಮ ಮನೆಯ ಹೊರಕೋಣೆಗೆ ಬಾಡಿಗೆಗೆ ಬಂದರು. ಸಮುದ್ರದಂಚಿನ ಊರಿನ ಬೇಕರಿಯವನ ಮಗನಂತೆ. ಬದುಕಿಡೀ ಬಿಡಿಸಿದ್ದು ಬಯಲು, ನೀರು, ಆಕಾಶ. ಎದುರಿಗೆ ಕಂಡದ್ದನ್ನು ಬಿಟ್ಟು ಒಂದು ಹುಲ್ಲುಕಡ್ಡಿಯನ್ನೂ ಸೇರಿಸುವುದಿಲ್ಲ ಎಂಬುದು ಅವರ ಹಟ. ಕಬ್ಬಿನ ಮೇಲಿನ ಬಿಸಿಲಿಗೆ ಮೋಡ ಅಡ್ಡ ಬಂದರೂ ಕುಂಚ ಕೆಳಗಿಟ್ಟು ಕಾಯುತ್ತಿದ್ದರು.

ಅವ್ವನಿಗೆ ಅವರು ಲೂಕಪ್ಪ. ಮೊದಲ ದಿನ ಅವರು ಮುದ್ದೆ ಅಗಿಯುವುದನ್ನು ಕಂಡು, "ಅಯ್ಯೋ, ಅಗೀಬ್ಯಾಡ ಕಣಪ್ಪ, ನುಂಗು!" ಎಂದು ತಾನೇ ನುಂಗಿ ತೋರಿಸಿದ್ದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇಬ್ಬರಿಗೂ ಬಲು ಸ್ನೇಹ.

ಆದರೆ ನಾಲೆಬದಿಯ ನಮ್ಮ ಗದ್ದೆಗೆ ಮಾತ್ರ ಅವ್ವ ಅವರ ಜೊತೆ ಹೋಗಲಿಲ್ಲ. ಅಪ್ಪ ತೀರಿಕೊಂಡ ವರ್ಷವೇ, ಕರೆಂಟಿನ ತಂತಿಗೆ ತಾಗುತ್ತದೆಂದು ಅಲ್ಲಿದ್ದ ಹೊಂಗೆಮರವನ್ನು ಕಡಿದಿದ್ದರು. ಅಪ್ಪನಿಗೆ ಒಯ್ದ ಬುತ್ತಿಯನ್ನು, ಇರುವೆ ಮುತ್ತದಂತೆ, ಅವ್ವ ತೂಗುಹಾಕುತ್ತಿದ್ದದ್ದು ಆ ಮರಕ್ಕೇ. ಬೋಳು ಜಾಗ ನೋಡಲಾರೆ ಎಂದವಳು ಮತ್ತೆ ಅತ್ತ ಕಾಲಿಟ್ಟಿರಲಿಲ್ಲ. ಗದ್ದೆಯಲ್ಲೇ ಬಾಳಿದ ಹೆಂಗಸು ಮನೆಯೊಳಗೇ ಬಾಡಿಹೋಗುತ್ತಿದ್ದಳು. ನನ್ನ ಯಾವ ಉಪದೇಶವೂ ನಾಟಲಿಲ್ಲ.

ಒಂದು ಮಧ್ಯಾಹ್ನ ಲೂಕ್ ಗದ್ದೆಯಿಂದ ಬಂದು ಪಟವನ್ನು ಜಗಲಿಯ ಮೇಲೆ ಒಣಗಲಿಟ್ಟರು. ನೋಡಿದರೆ ನಾಲೆ, ಕಬ್ಬು, ನಡುವೆ ಹೊಂಗೆಮರ! ನೀರಿನತ್ತ ಬಾಗಿದ ಅದೇ ಕೊಂಬೆ, ಅದರಲ್ಲಿ ಕೆಂಪು ಬಟ್ಟೆಯ ಬುತ್ತಿಗಂಟು. ಇದನ್ನೆಲ್ಲಿ ನೋಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಎದುರಿಗೇ ಇತ್ತಲ್ಲ. ಬಿಡಿಸಿಯಾದ ಮೇಲೆ ಅದರ ನೆರಳಲ್ಲೇ ಸ್ವಲ್ಪ ಮಲಗಿದ್ದೆ" ಎಂದರು.

ಮನೆಯಲ್ಲಿ ಆ ಮರದ ಒಂದು ಫೋಟೊ ಕೂಡ ಇಲ್ಲ. ಬೀದಿಯಲ್ಲಿ ಅವರೊಡನೆ ಮಾತಾಡಬಲ್ಲವಳು ನಾನೊಬ್ಬಳೇ, ನಾನಂತೂ ಹೇಳಿರಲಿಲ್ಲ.

ಅವ್ವ ಪಟ ನೋಡಿದವಳೇ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ. ಗದ್ದೆಯಲ್ಲಿ ಮರವೂ ಇಲ್ಲ, ಗಂಟೂ ಇಲ್ಲ, ಬರೀ ಸುಡುಬಿಸಿಲು. ಮರವಿದ್ದ ಜಾಗದಲ್ಲಿ ಅವ್ವ ಕಾಲು ಚಾಚಿ ಕೂತಳು. ನನಗೆ ಅಳುವೇ ಬಂತು.

"ಬಿಸ್ಲು ಕಣವ್ವ, ಏಳು."

"ಎಲ್ಲೈತೆ ಬಿಸ್ಲು? ಬಾ, ಕೂತ್ಕೊ."

ಕೂತೆ. ನೆಲ ತಣ್ಣಗಿತ್ತು. ಆ ಹೊತ್ತಿನಲ್ಲಿ ಅದು ತಣ್ಣಗಿರಲು ನನಗೆ ತಿಳಿದ ಯಾವ ಕಾರಣವೂ ಇಲ್ಲ.

ಲೂಕ್ ಪಟವನ್ನು ಅವ್ವನಿಗೇ ಕೊಟ್ಟು ತಮ್ಮ ಊರಿಗೆ ಹೋದರು. ಅವ್ವ ಈಗ ದಿನವೂ ಗದ್ದೆಗೆ ಹೋಗುತ್ತಾಳೆ. ಕೊಡೆಯಾದರೂ ಹಿಡಿದುಕೊಂಡು ಹೋಗು ಎಂದರೆ ನನ್ನ ಮುಖ ನೋಡಿ ನಗುತ್ತಾಳೆ.